ಖಳನ ಹಿಂದಿನ ಕಥೆಯಲ್ಲಿ ಕವಲು ಎಲ್ಲಿದೆ?

(ತುಮಕೂರಿನಲ್ಲಿ ಸಿನಿಮಾ ಮತ್ತು ನಾಟಕದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಚರ್ಚೆಯ ಸ್ವಲ್ಪ ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಚಿತ್ರಗಳ ಶುರುವಿನ ಭಾಗದಿಂದ ಮಾತು ಆರಂಭಿಸುತ್ತೇನೆ. ಎರಡೂ ಹೆಸರಾಂತ ಖಳರ ಹಿಂದಿನ ಕಥೆ ಹೇಳುವ ಚಿತ್ರಗಳು. ಈಗ ಎಲ್ಲರೂ ಪ್ರೀಕ್ವೆಲ್ ಅನ್ನುತ್ತಾರಲ್ಲ, ಅವು.

ಮೊದಲನೆಯದು 2007ರಲ್ಲಿ ಬಂದ 'ಹ್ಯಾನಿಬಲ್ ರೈಸಿಂಗ್'. ಎರಡನೇ ಮಹಾಯುದ್ಧದ ಕಾಲ, ಲಿಥುವೇನಿಯಾ ದೇಶ, ಕೊರೆಯುವ ಚಳಿ. ಅಪ್ಪ ಅಮ್ಮ ಸತ್ತಿದ್ದಾರೆ. ಹ್ಯಾನಿಬಲ್ ಎಂಬ ಹುಡುಗ ಮತ್ತು ಅವನ ಪುಟ್ಟ ತಂಗಿ ಮಿಶಾ ಕಾಡಿನ ಮನೆಯೊಂದರಲ್ಲಿ ಇಬ್ಬರೇ ಉಳಿದಿದ್ದಾರೆ. ಅಲ್ಲಿಗೆ ಲೂಟಿ ಹೊಡೆಯುವವರ ಗುಂಪು ನುಗ್ಗುತ್ತದೆ. ತಿನ್ನಲು ಏನೂ ಸಿಗುವುದಿಲ್ಲ. ಕೊನೆಗೆ ಅವರು ಆ ಮಗುವನ್ನೇ ಕೊಂದು ತಿನ್ನುತ್ತಾರೆ.

ಎರಡನೆಯದು 2023ರ 'ದಿ ಹಂಗರ್ ಗೇಮ್ಸ್: ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್'. ಪನೆಮ್ ಎಂಬ ಕಲ್ಪನೆಯ ದೇಶ. ಒಳಗೇ ಯುದ್ಧ ನಡೆಯುತ್ತಿದೆ. ರಾಜಧಾನಿಯಲ್ಲೂ ಅನ್ನ ಇಲ್ಲ. ಹಿಮ ಬಿದ್ದ ಬೀದಿಯಲ್ಲಿ ಇಬ್ಬರು ಮಕ್ಕಳು ಅವಿತುಕೊಂಡು ನೋಡುತ್ತಿದ್ದಾರೆ. ಅವರ ಕಣ್ಣೆದುರಿಗೇ ಒಬ್ಬ ಮನುಷ್ಯ ಬೀದಿಯಲ್ಲಿ ಬಿದ್ದ ಹೆಣದ ಕಾಲನ್ನು ಕಡಿಯುತ್ತಾನೆ. ತಿನ್ನುವುದಕ್ಕೆ.

ಎರಡರಲ್ಲೂ ಯುದ್ಧ ಇದೆ, ಚಳಿ ಇದೆ, ಮನುಷ್ಯನನ್ನು ಮನುಷ್ಯ ತಿನ್ನುವಷ್ಟು ಹಸಿವು ಇದೆ, ಅದನ್ನು ನೋಡುವ ಮಗು ಇದೆ. ಆದರೆ ಮೊದಲನೆಯ ಚಿತ್ರ ನನ್ನ ಮಟ್ಟಿಗೆ ಸೋತಿದೆ. ಎರಡನೆಯದು ಗೆದ್ದಿದೆ. ಯಾಕೆ ಅನ್ನುವುದೇ ಇವತ್ತಿನ ನನ್ನ ಮಾತು.

ಹ್ಯಾನಿಬಲ್ ಲೆಕ್ಟರ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇವನು ಥಾಮಸ್ ಹ್ಯಾರಿಸ್ ಕಾದಂಬರಿಗಳ ಪಾತ್ರ. ಮನೋವೈದ್ಯ, ತುಂಬಾ ಓದಿದವನು, ಸಂಗೀತ ಬಲ್ಲವನು, ಮನುಷ್ಯರನ್ನು ಕೊಂದು ತಿನ್ನುವವನು. 1991ರ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಚಿತ್ರದಲ್ಲಿ ಆಂಥೊನಿ ಹಾಪ್ಕಿನ್ಸ್ ಈ ಪಾತ್ರ ಮಾಡಿ ಆಸ್ಕರ್ ಪಡೆದರು. ಇಡೀ ಚಿತ್ರಕ್ಕೆ ಐದು ಆಸ್ಕರ್ ಬಂತು. ಅದರಲ್ಲಿ ಹಾಪ್ಕಿನ್ಸ್ ಕಾಣುವುದು ಸ್ವಲ್ಪ ಹೊತ್ತು ಮಾತ್ರ. ಅದೂ ಹೆಚ್ಚಾಗಿ ಗಾಜಿನ ಹಿಂದೆ, ಸುಮ್ನೆ ನಿಂತು, ಕಣ್ಣು ಮಿಟುಕಿಸದೆ. ಆದರೂ ಚಿತ್ರ ಮುಗಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಅವನೇ.

ಮೂಲ ಕಾದಂಬರಿಯಲ್ಲಿ ಒಂದು ಜಾಗ ಇದೆ. ತನಿಖೆಗೆ ಬಂದ ಯುವತಿ ಕ್ಲಾರಿಸ್, ಅವನು ಹೀಗಾಗಲು ಏನು ಕಾರಣ ಅಂತ ಹುಡುಕುತ್ತಾಳೆ. ಅವನು ಅದನ್ನು ಒಪ್ಪುವುದಿಲ್ಲ. ತನಗೆ ಯಾವುದೋ ಘಟನೆ ಆಗಿ ತಾನು ಹೀಗಾಗಿಲ್ಲ, ಯಾರದೋ ಪ್ರಭಾವ ಅಂತ ಲೆಕ್ಕ ಹಾಕಿ ತನ್ನನ್ನು ಅಳೆಯಲು ಬರಬೇಡ ಅನ್ನುತ್ತಾನೆ. ಅವನ ಭಯ ಹುಟ್ಟುವುದೇ ಅಲ್ಲಿಂದ. ಕಾರಣ ಇಲ್ಲದ ಕೇಡಿನ ಮುಂದೆ ನಾವು ಬರಿಗೈಯಲ್ಲಿ ನಿಲ್ಲುತ್ತೇವೆ.

ಅಂಥವನಿಗೆ 2007ರ ಚಿತ್ರ ಕಾರಣ ಕೊಟ್ಟುಬಿಟ್ಟಿತು. ತಂಗಿಯನ್ನು ತಿಂದರು, ಅದಕ್ಕೇ ಇವನು ತಿನ್ನುವವನಾದ. ಅಲ್ಲಿಂದ ಮುಂದೆ ಚಿತ್ರ ಸೇಡಿನ ಕಥೆಯಾಗುತ್ತದೆ. ಒಬ್ಬೊಬ್ಬರನ್ನಾಗಿ ಹುಡುಕಿ ಕೊಲ್ಲುತ್ತಾನೆ. ನಾವು ಅವನ ಪಕ್ಷ ವಹಿಸುತ್ತೇವೆ. ವಹಿಸದೆ ಇನ್ನೇನು? ತಂಗಿಯನ್ನು ಕೊಂದವರು ಅವರು. ಆದರೆ ಈ ಹುಡುಗ ಮುಂದೆ ಏನೂ ತಪ್ಪು ಮಾಡದವರನ್ನು ಕೊಂದು ಊಟಕ್ಕೆ ಬಡಿಸುತ್ತಾನಲ್ಲ, ಅಲ್ಲಿಗೆ ಹೇಗೆ ಹೋದ? ಸೇಡು ತೀರಿದ ಮೇಲೂ ಯಾಕೆ ನಿಲ್ಲಲಿಲ್ಲ? ಚಿತ್ರ ಗಾಯ ತೋರಿಸಿತು. ಗಾಯದಿಂದ ಕೇಡಿನವರೆಗಿನ ದಾರಿ ತೋರಿಸಲಿಲ್ಲ.

ಈಗ ಎರಡನೆಯ ಚಿತ್ರಕ್ಕೆ ಬರುತ್ತೇನೆ. ಇದರ ಬಗ್ಗೆ ಜಾಸ್ತಿ ಹೇಳಬೇಕು.

ಹಂಗರ್ ಗೇಮ್ಸ್ ಚಿತ್ರಗಳು 2012ರಿಂದ 2015ರವರೆಗೆ ನಾಲ್ಕು ಬಂದವು. ಅದರ ಲೋಕ ಹೀಗಿದೆ. ಒಂದು ರಾಜಧಾನಿ, ಅದರ ಕೈಕೆಳಗೆ ಹನ್ನೆರಡು ಜಿಲ್ಲೆಗಳು. ಹಿಂದೆ ದಂಗೆ ಎದ್ದಿದ್ದಕ್ಕೆ ಶಿಕ್ಷೆಯಾಗಿ ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಇಪ್ಪತ್ನಾಲ್ಕು ಮಕ್ಕಳು. ಅವರನ್ನು ಒಂದು ಅಖಾಡಕ್ಕೆ ಬಿಡುತ್ತಾರೆ. ಒಬ್ಬರು ಉಳಿಯುವವರೆಗೆ ಒಬ್ಬರನ್ನೊಬ್ಬರು ಕೊಲ್ಲಬೇಕು. ಇದನ್ನು ಇಡೀ ದೇಶ ಟಿವಿಯಲ್ಲಿ ನೋಡಬೇಕು. ಇದನ್ನೆಲ್ಲ ನಡೆಸುವ ಅಧ್ಯಕ್ಷನ ಹೆಸರು ಕೊರಿಯೋಲೇನಸ್ ಸ್ನೋ. ಡೊನಾಲ್ಡ್ ಸದರ್‌ಲ್ಯಾಂಡ್ ಮಾಡಿದ ಪಾತ್ರ. ಬಿಳಿ ಗಡ್ಡ, ಕೋಟಿನಲ್ಲಿ ಬಿಳಿ ಗುಲಾಬಿ, ಮೆಲ್ಲನೆಯ ಮಾತು. ಗದರುವುದೇ ಇಲ್ಲ. ಅದೇ ನಡುಕ ಹುಟ್ಟಿಸುತ್ತದೆ.

ಸುಝೇನ್ ಕಾಲಿನ್ಸ್ 2020ರಲ್ಲಿ ಇವನ ಹದಿನೆಂಟನೇ ವಯಸ್ಸಿನ ಕಥೆ ಬರೆದರು. ಫ್ರಾನ್ಸಿಸ್ ಲಾರೆನ್ಸ್ ಅದನ್ನು ಚಿತ್ರ ಮಾಡಿದರು. ಮೂಲ ಕಥೆಗಿಂತ 64 ವರ್ಷ ಹಿಂದೆ, ಹತ್ತನೇ ಸಲದ ಆಟದ ಸಮಯ. ಸ್ನೋ ಮನೆತನ ದೊಡ್ಡದು, ಆದರೆ ಯುದ್ಧದಲ್ಲಿ ಎಲ್ಲ ಹೋಗಿದೆ. ಹೊರಗೆ ಠೀವಿ, ಒಳಗೆ ಖಾಲಿ ಪಾತ್ರೆ. ಮನೆಯಲ್ಲಿ ಅಜ್ಜಿ ಇದ್ದಾಳೆ, ಮಹಡಿಯ ಮೇಲೆ ಗುಲಾಬಿ ಬೆಳೆಸುತ್ತಾಳೆ. ಅಕ್ಕನ ವರಸೆಯ ಟೈಗ್ರಿಸ್ ಇದ್ದಾಳೆ; ಶುರುವಿನಲ್ಲಿ ಹಿಮದ ಬೀದಿಯಲ್ಲಿ ಅವಿತಿದ್ದ ಮಕ್ಕಳು ಸ್ನೋ ಮತ್ತು ಇವಳು. ತನ್ನ ತಮ್ಮ ನಾಲ್ಕು ಜನರ ಮುಂದೆ ತಲೆ ತಗ್ಗಿಸಬಾರದು ಅಂತ ಹಳೇ ಅಂಗಿಯನ್ನೇ ತಿದ್ದಿ ಹೊಲಿದು ಕೊಡುತ್ತಾಳೆ.

ಆ ವರ್ಷ ಅಖಾಡಕ್ಕೆ ಹೋಗುವ ಮಕ್ಕಳಿಗೆ ರಾಜಧಾನಿಯ ವಿದ್ಯಾರ್ಥಿಗಳನ್ನು ಮಾರ್ಗದರ್ಶಕರನ್ನಾಗಿ ನೇಮಿಸುತ್ತಾರೆ. ಸ್ನೋಗೆ ಸಿಗುವುದು ಹನ್ನೆರಡನೇ ಜಿಲ್ಲೆಯ ಹಾಡುಗಾರ್ತಿ ಲೂಸಿ ಗ್ರೇ. ಅವಳು ಗೆದ್ದರೆ ಇವನಿಗೆ ಮುಂದಿನ ದಾರಿ. ಇವನು ಅವಳನ್ನು ಗೆಲ್ಲಿಸಲು ಮೋಸ ಮಾಡುತ್ತಾನೆ. ಅಖಾಡಕ್ಕೆ ಬಿಡುವ ಹಾವುಗಳಿಗೆ ಅವಳ ವಾಸನೆ ಮೊದಲೇ ಪರಿಚಯವಾಗಲಿ ಅಂತ ಹಾವಿನ ತೊಟ್ಟಿಗೆ ಕರವಸ್ತ್ರ ಹಾಕುತ್ತಾನೆ. ಅವಳು ಬದುಕುತ್ತಾಳೆ. ಮೋಸ ಬಯಲಾಗುತ್ತದೆ. ಅವನನ್ನು ಸಿಪಾಯಿ ಮಾಡಿ ಜಿಲ್ಲೆಗಳ ಕಡೆಗೆ ಅಟ್ಟುತ್ತಾರೆ. ಅವನು ಸೇರುವುದು ಲೂಸಿ ಗ್ರೇ ಇರುವ ಹನ್ನೆರಡನೇ ಜಿಲ್ಲೆಗೆ.

ಇಲ್ಲಿಯವರೆಗೆ ನೋಡುವವರಿಗೆ ಇವನು ನಾಯಕನೇ. ಪ್ರೀತಿಸಿದವಳಿಗಾಗಿ ಎಲ್ಲ ಕಳೆದುಕೊಂಡ ಹುಡುಗ. ಥಿಯೇಟರಿನಲ್ಲಿ ಕೂತವರು ಇವನು ಗೆಲ್ಲಲಿ ಅಂತ ಬಯಸುತ್ತಿರುತ್ತಾರೆ.

ಕಾದಂಬರಿಗೂ ಚಿತ್ರಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಕಾದಂಬರಿಯಲ್ಲಿ ನಾವು ಇಡೀ ಹೊತ್ತು ಅವನ ತಲೆಯೊಳಗೆ ಇರುತ್ತೇವೆ. ಲೂಸಿ ಗ್ರೇ ತನ್ನವಳು, ತನ್ನ ಸೊತ್ತು ಎಂಬ ಯೋಚನೆ ಶುರುವಿನಿಂದಲೇ ಕೇಳಿಸುತ್ತದೆ. ಗೆಳೆಯನ ಬಗ್ಗೆ ಒಳಗೊಳಗೇ ಇರುವ ಅಸಹನೆ ಕೇಳಿಸುತ್ತದೆ. ಓದುವವರಿಗೆ ಬೇಗ ಅನುಮಾನ ಬರುತ್ತದೆ. ಚಿತ್ರದಲ್ಲಿ ಆ ದನಿ ಇಲ್ಲ. ಟಾಮ್ ಬ್ಲೈಥ್ ಎಂಬ ನಟನ ಮುಖ ಮಾತ್ರ ಇದೆ. ಚೆಂದದ ಮುಖ, ನಂಬುವಂಥ ಕಣ್ಣು. ಇದರಿಂದ ಪಾತ್ರ ತೆಳುವಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಸುತ್ತ ಇರುವವರ ತಲೆಯೊಳಗಿನ ಮಾತು ನಮಗೆ ಕೇಳಿಸುತ್ತದಾ? ಮುಖ ನೋಡಿಯೇ ನಂಬುತ್ತೇವೆ ಅಲ್ವಾ? ಚಿತ್ರ ನಮ್ಮನ್ನು ಅದೇ ಜಾಗದಲ್ಲಿ ಕೂರಿಸುತ್ತದೆ. ಆಮೇಲೆ ನಾವು ನಂಬಿದ್ದಕ್ಕೆ ಲೆಕ್ಕ ಕೇಳುತ್ತದೆ.

ಆ ಲೆಕ್ಕ ಗೆಳೆಯನಿಂದ ಶುರುವಾಗುತ್ತದೆ. ಸೆಜಾನಸ್ ಎಂಬ ಹುಡುಗ ಸ್ನೋ ಜೊತೆಯೇ ಓದಿದವನು, ಅವನ ಹಿಂದೆಯೇ ಸಿಪಾಯಿಯಾಗಿ ಬಂದವನು. ಈ ಆಟ ತಪ್ಪು ಅಂತ ಬಾಯಿಬಿಟ್ಟು ಹೇಳುವವನು. ಅವನು ದಂಗೆಕೋರರ ಜೊತೆ ಸೇರಿದ್ದು ಸ್ನೋಗೆ ಗೊತ್ತಾಗುತ್ತದೆ. ಕೇಳಿದ ಮಾತನ್ನು ಹಾಗೇ ಒಪ್ಪಿಸುವ ಒಂದು ಜಾತಿಯ ಹಕ್ಕಿ ಆ ಲೋಕದಲ್ಲಿದೆ. ಸೆಜಾನಸ್ ಇವನನ್ನು ನಂಬಿ ಮಾತಾಡುತ್ತಿರುವಾಗ ಸ್ನೋ ಆ ಹಕ್ಕಿಗೆ ಮಾತು ತುಂಬಿಸಿ ರಾಜಧಾನಿಗೆ ಕಳಿಸುತ್ತಾನೆ. ಗುಂಡಿ ಒತ್ತುವ ಕೆಲಸ ಅಷ್ಟೇ. ಯಾರೂ ಅವನ ಕುತ್ತಿಗೆ ಹಿಡಿದಿರಲಿಲ್ಲ. ಹಸಿವಿರಲಿಲ್ಲ. ಸುಮ್ಮನಿರಬಹುದಿತ್ತು. ಗೆಳೆಯನಿಗೆ ಎಚ್ಚರಿಕೆ ಹೇಳಬಹುದಿತ್ತು. ಸೆಜಾನಸ್‌ನನ್ನು ನೇಣಿಗೆ ಹಾಕುತ್ತಾರೆ. ಸ್ನೋ ಸಿಪಾಯಿಗಳ ಸಾಲಿನಲ್ಲಿ ನಿಂತು ನೋಡುತ್ತಾನೆ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮಗನನ್ನು ಕಳೆದುಕೊಂಡ ಆ ಶ್ರೀಮಂತ ಅಪ್ಪ ಅಮ್ಮ, ನಿಜ ಗೊತ್ತಿಲ್ಲದೆ, ಸ್ನೋನನ್ನೇ ವಾರಸುದಾರನನ್ನಾಗಿ ಮಾಡಿಕೊಳ್ಳುತ್ತಾರೆ. ಓದುವಾಗ ಹೊಟ್ಟೆ ತೊಳಸುತ್ತದೆ.

ಆಮೇಲೆ ಕಾಡು. ಲೂಸಿ ಗ್ರೇ ಮತ್ತು ಸ್ನೋ ಊರು ಬಿಟ್ಟು ಓಡಿಹೋಗುತ್ತಿದ್ದಾರೆ. ದಾರಿಯಲ್ಲಿ ತಾನು ಮೂರು ಜನರನ್ನು ಕೊಂದಿದ್ದೇನೆ ಅಂತ ಅವನ ಬಾಯಿಂದ ಬಂದುಬಿಡುತ್ತದೆ. ಅವಳಿಗೆ ಇಬ್ಬರ ಲೆಕ್ಕ ಗೊತ್ತು. ಮೂರನೆಯವರು ಯಾರು ಅಂತ ಕೇಳುತ್ತಾಳೆ. ತನ್ನನ್ನೇ, ತನ್ನ ಹಳೆಯ ಬದುಕನ್ನೇ ಕೊಂದೆ ಅಂತ ಅವನು ಹೇಳುತ್ತಾನೆ. ಕೇಳಲು ಎಷ್ಟು ಚೆಂದದ ಮಾತು. ಆದರೆ ಆ ಮೂರನೆಯವನು ಸೆಜಾನಸ್. ಅವಳಿಗೆ ಅರ್ಥವಾಗುತ್ತದೆ. ಸದ್ದಿಲ್ಲದೆ ಕಾಡಿನಲ್ಲಿ ಮರೆಯಾಗುತ್ತಾಳೆ. ಇಲ್ಲೂ ಅವನು ಸುಮ್ಮನೆ ಹಿಂದಿರುಗಬಹುದಿತ್ತು. ಅವನು ಬಂದೂಕು ಎತ್ತಿಕೊಂಡು ಅವಳನ್ನು ಹುಡುಕಿಕೊಂಡು ಹೋಗುತ್ತಾನೆ.

ನೋಡಿ, ಒಂದೊಂದು ಕವಲಿನಲ್ಲೂ ಇನ್ನೊಂದು ದಾರಿ ಇತ್ತು. ಚಿತ್ರ ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಟೈಗ್ರಿಸ್. ಹೆಣದ ಕಾಲು ಕಡಿಯುವುದನ್ನು ಆ ಬೀದಿಯಲ್ಲಿ ನೋಡಿದ್ದು ಅವಳೂ ತಾನೇ? ಅದೇ ಮನೆ, ಅದೇ ಹಸಿವು, ಅದೇ ಅಜ್ಜಿ, ಅದೇ ಯುದ್ಧ. ಅವಳು ಹಾಗಾಗಲಿಲ್ಲ. ಕೊನೆಯಲ್ಲಿ ಹೊಸ ಬಟ್ಟೆ ತೊಟ್ಟು ನಿಂತ ತಮ್ಮನನ್ನು ನೋಡಿ, ನೀನು ನಿನ್ನ ಅಪ್ಪನ ಹಾಗೆಯೇ ಕಾಣುತ್ತೀಯ ಅಂತ ಮಾತ್ರ ಹೇಳುತ್ತಾಳೆ. ಅವಳ ಮುಖದಲ್ಲಿ ಹೆಮ್ಮೆ ಇಲ್ಲ. 2015ರಲ್ಲಿ ಬಂದ ಕೊನೆಯ ಚಿತ್ರ ನೋಡಿದವರಿಗೆ ನೆನಪಿರಬಹುದು. ಅಧ್ಯಕ್ಷ ಸ್ನೋನನ್ನು ಕೊಲ್ಲಲು ಬಂದ ದಂಗೆಕೋರರಿಗೆ ರಾಜಧಾನಿಯ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಜಾಗ ಕೊಟ್ಟ ಮುದುಕಿ ಇದೇ ಟೈಗ್ರಿಸ್. ಆಗ ಅವಳು ಯಾರೋ ಏನೋ ಅನ್ನಿಸಿತ್ತು. ಈಗ ಆ ದೃಶ್ಯವನ್ನು ಮತ್ತೆ ನೋಡಿದರೆ ಬೇರೆಯೇ ಕಾಣುತ್ತದೆ. ತಾನು ಅಂಗಿ ಹೊಲಿದುಕೊಟ್ಟ ತಮ್ಮನನ್ನು ಕೊಲ್ಲಲು ಬಂದವರಿಗೆ ಅವಳು ಬಾಗಿಲು ತೆರೆಯುತ್ತಿದ್ದಾಳೆ.

ಹ್ಯಾನಿಬಲ್ ಚಿತ್ರದಲ್ಲಿ ಟೈಗ್ರಿಸ್‌ನಂಥವರು ಇಲ್ಲ. ಅದಕ್ಕೇ ಅಲ್ಲಿ ಗಾಯವೇ ವಿಧಿಯಾಗಿಬಿಡುತ್ತದೆ. ಸಂಕಟ ಉಂಡವರು ಕೆಟ್ಟವರಾಗುತ್ತಾರೆ ಅನ್ನುವ ಮಾತು ನೋಡುವವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಇದು ನನಗೆ ತುಂಬಾ ನೋವು ಕೊಡುವ ಮಾತು. ಪಾವಗಡದ ಕಡೆ, ಸಿರಾ ಕಡೆ ಬರಗಾಲ ಉಂಡವರು ಎಷ್ಟು ಜನ ಇದ್ದಾರೆ. ಚಿಕ್ಕಂದಿನಲ್ಲಿ ಏಟು ತಿಂದವರು, ಅವಮಾನ ಉಂಡವರು ಈ ಸಭೆಯಲ್ಲೂ ಇರಬಹುದು. ಅವರಲ್ಲಿ ಬಹುಪಾಲು ಜನ ಇನ್ನೊಬ್ಬರ ಹಸಿವು ಕಂಡರೆ ಮೊದಲು ಎದ್ದು ಹೋಗುವವರು. ಖಳನ ಕಥೆ ಹೇಳುವಾಗ ಇವರಿಗೆ ಅನ್ಯಾಯ ಆಗಬಾರದು.

ಈಗ ನಮ್ಮ ಕಡೆಯ ವಿಷಯ. ಕೊನೆ ಗೊತ್ತಿರುವ ಕಥೆಯನ್ನು ಯಾರು ನೋಡುತ್ತಾರೆ ಅಂತ ಪ್ರೀಕ್ವೆಲ್ ಬಗ್ಗೆ ಆಕ್ಷೇಪ ಎತ್ತುವವರಿದ್ದಾರೆ. ತುಮಕೂರು ಜಿಲ್ಲೆಯವರು ಈ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗುಬ್ಬಿ, ತುರುವೇಕೆರೆ, ತಿಪಟೂರು, ಕುಣಿಗಲ್, ಎಲ್ಲಿಗೆ ಹೋದರೂ ಊರ ಹಬ್ಬಕ್ಕೆ 'ಕುರುಕ್ಷೇತ್ರ' ನಾಟಕ. ಇದೇ ಹೆಸರಿನ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದ ಕಂಪನಿಯ ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ರಾತ್ರಿ ಊಟ ಮುಗಿಸಿ ಬಂದು ಚಾಪೆ ಹಾಸಿ ಕೂತರೆ ಏಳುವುದು ಬೆಳಗಿನ ಜಾವ. ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಎಳೆ ಮಗುವಿಗೂ ಗೊತ್ತು. ಆದರೂ ನೋಡುತ್ತಾರೆ, ಒನ್ಸ್‌ಮೋರ್ ಅನ್ನುತ್ತಾರೆ.

ಪಾತ್ರಧಾರಿಗಳೇ ಕೈಯಿಂದ ದುಡ್ಡು ಹಾಕಿ ಪಾತ್ರ ಕಟ್ಟುವ ನಾಟಕ ಇದು. ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಎಲ್ಲರೂ ಸೇರಿ ಕೊಡಬೇಕು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ಕಟ್ಟಬೇಕು. ಆದರೂ ಅದಕ್ಕೇ ಪೈಪೋಟಿ. ನೆಂಟರು ಹಾರ ಶಾಲು ತಂದು ನಡುವೆಯೇ ರಂಗಕ್ಕೆ ಹತ್ತಿ ಸನ್ಮಾನ ಮಾಡುತ್ತಾರೆ. ಕೇಡಿನ ಪಾತ್ರಕ್ಕೆ ಇಷ್ಟು ಗೌರವ ಕೊಡುವ ಊರುಗಳು ನಮ್ಮವು. ಆದರೂ ಬೆಳಿಗ್ಗೆ ಎದ್ದು ಯಾರೂ ದುರ್ಯೋಧನ ಮಾಡಿದ್ದು ಸರಿ ಅನ್ನುವುದಿಲ್ಲ. ನಾನು ಇದನ್ನು ಬಹಳ ಯೋಚಿಸಿದ್ದೇನೆ. ನನಗೆ ಹೊಳೆದದ್ದು ಇದು: ನಾಟಕದ ನಡುಮಧ್ಯದಲ್ಲಿ ಸಂಧಾನದ ದೃಶ್ಯ ಇದೆ. ಕೃಷ್ಣ ಬಂದು ಐದು ಊರು ಕೊಡು ಸಾಕು ಅನ್ನುತ್ತಾನೆ. ಇವನು ಸೂಜಿ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲ ಅನ್ನುತ್ತಾನೆ. ಆ ಹೊತ್ತಿನಲ್ಲಿ ಇಡೀ ಸಭೆಗೆ ಗೊತ್ತು, ಇವನು ಈಗ ಹೂಂ ಅನ್ನಬಹುದು. ಒಂದು ಮಾತು ಸಾಕು. ಹಾಡು ಎಷ್ಟೇ ಚೆನ್ನಾಗಿರಲಿ, ಕಿರೀಟ ಎಷ್ಟೇ ಹೊಳೆಯಲಿ, ಅವನು ಆ ಮಾತು ಆಡಲಿಲ್ಲ ಅನ್ನುವುದು ಯಾರಿಗೂ ಮರೆಯುವುದಿಲ್ಲ.

ರನ್ನ ಇನ್ನೂ ಮುಂದೆ ಹೋದ. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನನ ಬಾಲ್ಯದ ಕಥೆ ಹೇಳಿ ಕನಿಕರ ಹುಟ್ಟಿಸುವ ಪ್ರಯತ್ನವೇ ಇಲ್ಲ. ಕಥೆ ಹಿಡಿಯುವುದು ಯುದ್ಧದ ಕೊನೆಯನ್ನು. ಹೆಣಗಳ ನಡುವೆ ನಡೆದು ಬರುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಶರಶಯ್ಯೆಯ ಮೇಲಿನ ಭೀಷ್ಮ ಈಗಲಾದರೂ ಸಂಧಿ ಮಾಡಿಕೋ ಅನ್ನುತ್ತಾನೆ. ನಾನು ನೆಲಕ್ಕಾಗಿ ಹೋರಾಡುತ್ತಿಲ್ಲ, ಛಲಕ್ಕಾಗಿ; ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ, ಇದರ ಜೊತೆ ನಾನು ಹೇಗೆ ಬಾಳಲಿ ಅನ್ನುತ್ತಾನೆ. ಹತ್ತನೇ ಕ್ಲಾಸಿನಲ್ಲಿ ಈ ಪದ್ಯ ಓದಿದವರು ಇಲ್ಲಿ ಇರಬಹುದು. ಕಣ್ಣಲ್ಲಿ ನೀರು ಬರುತ್ತದೆ. ಆದರೆ ಅದು ಬಾಲ್ಯದ ಗಾಯ ಕಂಡು ಬರುವ ಕನಿಕರ ಅಲ್ಲ. ಆ ಕೊನೆಯ ದಿನವೂ ಅವನ ಎದುರು ಒಂದು ದಾರಿ ತೆರೆದಿತ್ತು, ಅದನ್ನು ಅವನು ಗೊತ್ತಿದ್ದೂ ಬಿಟ್ಟ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಬರೆದ ಕಾವ್ಯ ಇದು. ಖಳನ ಬಗ್ಗೆ ಚಿತ್ರ ಮಾಡಲು ಹೊರಟ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನು ಓದಿ ಅನ್ನುತ್ತೇನೆ.

ಕುವೆಂಪು ಮಂಥರೆಗೆ ಕೊಟ್ಟ ಹಿಂದಿನ ಕಥೆಯನ್ನೂ ನೆನೆಯಬೇಕು. 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಅವಳಿಗಾಗಿ ಒಂದು ಸಂಚಿಕೆಯೇ ಇದೆ, 'ಮಮತೆಯ ಸುಳಿ ಮಂಥರೆ'. ಅಲ್ಲಿ ಕೇಡಿನ ಬೇರು ದ್ವೇಷದಲ್ಲಿ ಇಲ್ಲ. ಕೈಕೆ ಮತ್ತು ಭರತನ ಮೇಲಿನ ಅವಳ ಅತಿ ಮಮತೆಯಲ್ಲಿ ಇದೆ. ಪ್ರೀತಿ ಕುರುಡಾದರೆ ಎಷ್ಟು ಮನೆ ಮುರಿಯಬಹುದು ಅನ್ನುವುದನ್ನು ಇಷ್ಟು ಮೃದುವಾಗಿ ಹೇಳಿದ ಬರಹ ನನಗೆ ಬೇರೆ ಕಾಣಲಿಲ್ಲ.

ಜೋಕರ್ ಬಗ್ಗೆ ಹೇಳದೆ ಹೋದರೆ ಇಲ್ಲಿರುವ ಹುಡುಗರು ನನ್ನನ್ನು ಬಿಡುವುದಿಲ್ಲ. 1940ರಲ್ಲಿ ಬ್ಯಾಟ್‌ಮನ್ ಕಾಮಿಕ್ಸ್‌ನಲ್ಲಿ ಹುಟ್ಟಿದ ಖಳ ಇವನು. 2008ರ ಚಿತ್ರದಲ್ಲಿ ಹೀತ್ ಲೆಡ್ಜರ್ ಮಾಡಿದ ಜೋಕರ್ ತನ್ನ ಬಾಯಿಯ ಗಾಯದ ಕಥೆಯನ್ನು ಒಬ್ಬರಿಗೆ ಒಂದು ರೀತಿ ಹೇಳುತ್ತಾನೆ, ಇನ್ನೊಬ್ಬರಿಗೆ ಇನ್ನೊಂದು ರೀತಿ. ಒಮ್ಮೆ ಅಪ್ಪ ಕಾರಣ, ಒಮ್ಮೆ ಹೆಂಡತಿ ಕಾರಣ. ಯಾವುದನ್ನೂ ನಂಬುವ ಹಾಗಿಲ್ಲ. 2019ರಲ್ಲಿ ಟಾಡ್ ಫಿಲಿಪ್ಸ್ ಅವನಿಗೆ ಒಂದು ಪೂರ್ತಿ ಹಿಂದಿನ ಕಥೆ ಕಟ್ಟಿದರು. ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು. ಹನ್ನೊಂದು ಆಸ್ಕರ್ ನಾಮನಿರ್ದೇಶನ, ಎರಡು ಪ್ರಶಸ್ತಿ: ವಾಕೀನ್ ಫೀನಿಕ್ಸ್ ನಟನೆಗೆ, ಹಿಲ್ದುರ್ ಗುಡ್ನಡೋಟಿರ್ ಸಂಗೀತಕ್ಕೆ. ಆ ಚೆಲೋ ದನಿ ಇಲ್ಲದಿದ್ದರೆ ಅರ್ಧ ಚಿತ್ರ ಇಲ್ಲ.

ಆರ್ಥರ್ ಎಂಬ ಬಡ ಕೋಡಂಗಿ. ತಡೆಯಲಾಗದೆ ನಗು ಬರುವ ಕಾಯಿಲೆ. ಸರ್ಕಾರ ಹಣ ನಿಲ್ಲಿಸಿದ್ದರಿಂದ ಮಾತ್ರೆಯೂ ನಿಲ್ಲುತ್ತದೆ. ಬೀದಿಯಲ್ಲಿ ಹೊಡೆಯುತ್ತಾರೆ, ಟಿವಿಯಲ್ಲಿ ಆಡಿಕೊಳ್ಳುತ್ತಾರೆ. ನಿಜಕ್ಕೂ ಎದೆ ಹಿಂಡುತ್ತದೆ. ಒಂದು ರಾತ್ರಿ ರೈಲಿನಲ್ಲಿ ಮೂವರು ಅವನನ್ನು ಹಿಡಿದು ಬಡಿಯುತ್ತಾರೆ. ಅವನ ಹತ್ತಿರ ಪಿಸ್ತೂಲು ಇದೆ. ಇಬ್ಬರನ್ನು ಅಲ್ಲೇ ಸುಡುತ್ತಾನೆ. ಜೀವ ಉಳಿಸಿಕೊಳ್ಳಲು ಮಾಡಿದ ಅಂತ ಹೇಳಬಹುದು. ಆದರೆ ಮೂರನೆಯವನು ಗಾಯಗೊಂಡು ಕುಂಟುತ್ತಾ ಓಡುತ್ತಾನೆ. ಆರ್ಥರ್ ರೈಲಿನಿಂದ ಇಳಿದು ಹಿಂದೆ ಹೋಗಿ ಮೆಟ್ಟಿಲ ಮೇಲೆ ಅವನನ್ನು ಕೊಲ್ಲುತ್ತಾನೆ.

ಆ ಮೂರನೆಯವನೇ ಕವಲು. ಚಿತ್ರದಲ್ಲಿ ಅದು ಇದೆ. ಆದರೆ ಅದರ ಸುತ್ತ ಇಷ್ಟೊಂದು ದುಃಖ ತುಂಬಿದೆ, ಇಷ್ಟು ಚೆಂದದ ಕುಣಿತ, ಇಷ್ಟು ಚೆಂದದ ಸಂಗೀತ ಇದೆ, ನೋಡಿದವರಿಗೆ ಆ ಮೆಟ್ಟಿಲು ಮರೆತುಹೋಗುತ್ತದೆ. ಸಮಾಜ ಅವನನ್ನು ಹೀಗೆ ಮಾಡಿತು ಅನ್ನುವುದು ಮಾತ್ರ ಉಳಿಯುತ್ತದೆ. ಸಮಾಜದ ತಪ್ಪು ದೊಡ್ಡದೇ. ಮಾತ್ರೆ ನಿಲ್ಲಿಸಿದ್ದು ತಪ್ಪು. ಆದರೆ ಮೆಟ್ಟಿಲು ಹತ್ತಿದ್ದು ಆರ್ಥರ್.

ಕ್ರುಯೆಲ್ಲಾ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. '101 ಡಾಲ್ಮೇಷಿಯನ್ಸ್' ಕಥೆಯಲ್ಲಿ ಡಾಲ್ಮೇಷಿಯನ್ ಜಾತಿಯ ನಾಯಿಮರಿಗಳ ಚರ್ಮ ಸುಲಿದು ಕೋಟು ಹೊಲಿಸಲು ಹೊರಟ ಹೆಂಗಸು ಅವಳು. 2021ರ ಚಿತ್ರದಲ್ಲಿ ಅವಳ ತಾಯಿಯ ಸಾವಿಗೆ ಅದೇ ಜಾತಿಯ ನಾಯಿಗಳನ್ನು ತಂದು ನಿಲ್ಲಿಸಿದರು. ಆಮೇಲೆ ಅವಳು ಯಾವ ನಾಯಿಯ ಚರ್ಮವನ್ನೂ ಸುಲಿಯುವುದಿಲ್ಲ. ಬಟ್ಟೆಗಳು ತುಂಬಾ ಚೆನ್ನಾಗಿವೆ, ವಸ್ತ್ರವಿನ್ಯಾಸಕ್ಕೆ ಆಸ್ಕರ್ ಕೂಡ ಬಂತು. ಆದರೆ ಖಳಳ ಅಪರಾಧವನ್ನೇ ಅಳಿಸಿಬಿಟ್ಟರೆ ಅದು ಅವಳ ಹಿಂದಿನ ಕಥೆ ಹೇಗಾಗುತ್ತದೆ? ಅದು ಅದೇ ಹೆಸರಿನ ಇನ್ನೊಬ್ಬಳ ಕಥೆ. ಗೊತ್ತಿರುವ ಹೆಸರಿದ್ದರೆ ಜನ ಟಿಕೆಟ್ ಕೊಳ್ಳುತ್ತಾರೆ ಅನ್ನುವ ವ್ಯಾಪಾರದ ಲೆಕ್ಕವೂ ಇಂಥ ಚಿತ್ರಗಳ ಹಿಂದೆ ಇರುತ್ತದೆ. ಹೆಸರನ್ನು ಉಳಿಸಿಕೊಂಡು ಕೇಡನ್ನು ತೆಗೆದುಹಾಕುವುದು ಆ ಲೆಕ್ಕಕ್ಕೆ ಸಲೀಸು.

ಇಷ್ಟು ನನ್ನ ಮಾತು. ಆಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಎದ್ದು, "ಸಾರ್, ನಮ್ಮ ಕೆಜಿಎಫ್‌ನ ರಾಕಿ ಕಥೆನೂ ಹೀಗೇ ಅಲ್ವಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. 2018ರ ಆ ಚಿತ್ರ ಪ್ರೀಕ್ವೆಲ್ ಅಲ್ಲ. ಆದರೆ ಹುಡುಗನೊಬ್ಬ ಹೇಗೆ ಡಾನ್ ಆದ ಅನ್ನುವ ಹುಟ್ಟಿನ ಕಥೆ ಹೌದು. ಬಡತನ, ಸಾಯುವ ಮುಂಚೆ ತಾಯಿ ತೆಗೆದುಕೊಂಡ ಮಾತು, ಅಲ್ಲಿಂದ ನೇರ ದಾರಿ. ಅದನ್ನು ಕಟ್ಟಿದ ರೀತಿ ನನಗೆ ಇಷ್ಟ. ಊರೂರಿನಲ್ಲಿ ಹೇಳಿಕೊಳ್ಳುವ ವೀರನ ಕಥೆಯ ಹಾಗೆ ಅದನ್ನು ಒಬ್ಬ ಪತ್ರಕರ್ತನ ಬಾಯಲ್ಲಿ ಹೇಳಿಸುತ್ತಾರೆ. ಆದರೆ ಅವನ ಪಕ್ಕದಲ್ಲಿ ಅದೇ ಬಡತನ ಉಂಡ ಟೈಗ್ರಿಸ್ ಇಲ್ಲ. ಕೋಲಾರದ ನಿಜವಾದ ಚಿನ್ನದ ಗಣಿಯಲ್ಲಿ ತಲೆಮಾರುಗಟ್ಟಲೆ ಜನ ನೆಲದಡಿಗೆ ಇಳಿದು ದುಡಿದರು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮನೆ ಸೇರುವ ಬದುಕು ಎಷ್ಟೋ ಜನರದ್ದು. ರಾಕಿಯ ಕಥೆಯಲ್ಲಿ ಅಂಥವರೊಬ್ಬರು ಅವನ ಎದುರು ನಿಂತು ಮಾತಾಡಿದ್ದರೆ ಆ ಚಿತ್ರ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು ಅನ್ನಿಸುತ್ತದೆ.

ಮೇಡಂ ಒಬ್ಬರು, ಹೈಸ್ಕೂಲಿನಲ್ಲಿ ಪಾಠ ಮಾಡುವವರು, ಮಕ್ಕಳು ಫೋನಿನ ತುಂಬ ಜೋಕರ್ ಚಿತ್ರ ಹಾಕಿಕೊಳ್ಳುತ್ತಾರೆ, ಭಯ ಆಗುತ್ತದೆ ಅಂದರು. ಬೈಯಬೇಡಿ ಅಂತ ಕೇಳಿಕೊಂಡೆ. ಆ ವಯಸ್ಸಿನಲ್ಲಿ ಯಾರೂ ತನ್ನನ್ನು ನೋಡುತ್ತಿಲ್ಲ ಅನ್ನುವ ನೋವು ಇರುತ್ತದೆ. ಆರ್ಥರ್‌ನ ಮುಖದಲ್ಲಿ ಅದು ಕಾಣುತ್ತದೆ, ಅದಕ್ಕೆ ಹಾಕಿಕೊಳ್ಳುತ್ತಾರೆ. ಅವರ ಜೊತೆ ಕೂತು ಚಿತ್ರದ ಬಗ್ಗೆಯೇ ಮಾತಾಡಿ. ರೈಲಿನ ಮೂರನೆಯವನ ವಿಷಯ ಕೇಳಿ. ಗ್ಯಾರಿ ಎಂಬ ಕುಳ್ಳ ಗೆಳೆಯನನ್ನು ಆರ್ಥರ್ ಯಾಕೆ ಕೊಲ್ಲದೆ ಬಿಟ್ಟ ಅಂತ ಕೇಳಿ. ನನಗೆ ಒಳ್ಳೆಯದು ಮಾಡಿದವನು ನೀನೊಬ್ಬನೇ ಅನ್ನುತ್ತಾನೆ ಅಲ್ಲಿ. ಅಂದರೆ ಬಿಡುವುದು ಅವನಿಂದ ಆಗುತ್ತಿತ್ತು. ಮಕ್ಕಳು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಊರ ನಾಟಕಗಳಲ್ಲಿ ಶಕುನಿ ಪಾತ್ರ ಮಾಡುವ ಹಿರಿಯರು. "ದುರ್ಯೋಧನನ ಬಗ್ಗೆ ಅಷ್ಟು ಹೇಳಿದ್ರಿ, ನಮ್ ಶಕುನಿ ಏನಾದ ಯಜಮಾನ್ರೇ?" ಅಂದರು. ಅವರು ನೆನಪಿಸಿದ್ದು ತುಂಬಾ ಒಳ್ಳೆಯದಾಯಿತು. ವ್ಯಾಸರ ಭಾರತದಲ್ಲಿ ಇಲ್ಲದ, ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಕಥೆ ಇದೆ. ಗಾಂಧಾರದ ರಾಜನನ್ನು, ಅವನ ಮಕ್ಕಳನ್ನೆಲ್ಲ ಕೌರವರು ಸೆರೆಯಲ್ಲಿಟ್ಟು ದಿನಕ್ಕೆ ತಲೆಗೆ ಒಂದೊಂದು ಅಗುಳು ಅನ್ನ ಕೊಡುತ್ತಾರೆ. ಎಲ್ಲರೂ ಸಾಯುವುದು ಖಚಿತ. ಒಬ್ಬನಾದರೂ ಉಳಿದು ಸೇಡು ತೀರಿಸಲಿ ಅಂತ ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಕೊಟ್ಟು ಸಾಯುತ್ತಾರೆ. ಅಪ್ಪನ ಎಲುಬಿನಿಂದ ಅವನು ದಾಳ ಮಾಡಿಕೊಳ್ಳುತ್ತಾನೆ.

ಇದು ಜನರೇ ಕಟ್ಟಿದ ಪ್ರೀಕ್ವೆಲ್. ಎಂಥಾ ಕಥೆ! ಇದನ್ನು ಕೇಳಿದ ಮೇಲೆ ದ್ಯೂತದ ದೃಶ್ಯ ಮೊದಲಿನ ಹಾಗೆ ಕಾಣುವುದಿಲ್ಲ. ಶಕುನಿ ಆಡುತ್ತಿರುವುದು ಪಾಂಡವರ ವಿರುದ್ಧ ಅಲ್ಲ, ತನ್ನ ಪಕ್ಕ ಕೂತ ಸೋದರಳಿಯನ ವಿರುದ್ಧ. ದಾಳ ಬೀಳುವ ಸದ್ದಿಗೆ ದುರ್ಯೋಧನ ನಗುತ್ತಾನೆ, ಅದು ತನ್ನ ಮನೆಗೇ ಇಡುತ್ತಿರುವ ಬೆಂಕಿ ಅಂತ ಗೊತ್ತಿಲ್ಲದೆ. ಹಳೆಯ ದೃಶ್ಯವನ್ನು ಹೀಗೆ ಹೊಸದು ಮಾಡುವ ಶಕ್ತಿ ಇದ್ದರೆ ಹಿಂದಿನ ಕಥೆ ಹುಟ್ಟಿದ್ದಕ್ಕೆ ಅರ್ಥ ಇದೆ.

ಆದರೆ ಇದರಲ್ಲೂ ಒಂದು ಜಾಗ ಖಾಲಿ ಉಳಿದಿದೆ, ನಾಟಕ ಬರೆಯುವವರು ಅದನ್ನು ತುಂಬಬೇಕು ಅಂತ ನಾನು ಆ ಹಿರಿಯರಿಗೆ ಹೇಳಿದೆ. ಸೆರೆಯಲ್ಲಿ ಅಷ್ಟು ಜನ ಅಣ್ಣತಮ್ಮಂದಿರಿದ್ದರು. ಎಲ್ಲರೂ ಸೇಡಿಗೇ ಒಪ್ಪಿದರಾ? ನಮ್ಮ ಅಕ್ಕ ಗಾಂಧಾರಿ ಅದೇ ಮನೆಯಲ್ಲಿ ಕಣ್ಣು ಕಟ್ಟಿಕೊಂಡು ಕೂತಿದ್ದಾಳೆ, ನೀನು ತೀರಿಸುವ ಸೇಡಿಗೆ ಸಾಯುವುದು ಅವಳ ಮಕ್ಕಳೇ ಅಲ್ವಾ ಅಣ್ಣ, ಅಂತ ಒಬ್ಬ ತಮ್ಮನಾದರೂ ಅಗುಳು ಕೈಯಲ್ಲಿ ಹಿಡಿದು ಕೇಳಿರಬೇಕು. ಅವನಿಗೆ ಶಕುನಿ ಏನು ಉತ್ತರ ಕೊಟ್ಟ? ಆ ಒಂದು ದೃಶ್ಯ ಬರೆದರೆ ಸಾಕು. ಹಿರಿಯರು ಸ್ವಲ್ಪ ಯೋಚಿಸಿ, "ಬರ್ಕೊಡಿ, ಈ ಸಲದ ಹಬ್ಬಕ್ಕೆ ಸೇರಿಸ್ತೀವಿ, ಮೇಷ್ಟ್ರಿಗೆ ಹೇಳಿ ಒಂದು ಹಾಡೂ ಹಾಕಿಸ್ತೀನಿ" ಅಂದರು. ಬರೆಯುತ್ತಿದ್ದೇನೆ. ತಮ್ಮನ ಮಾತು ಆಗಿದೆ, ಶಕುನಿಯ ಉತ್ತರ ಇನ್ನೂ ಆಗಬೇಕು.